ತೂತಿಲ್ಲದ ಚೀಲದೊಳಗೆ ಗಾಳಿ ಹೊಕ್ಕ ಬಗೆ

ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ನಾವು ಹುರಿದ ಗೇರುಬೀಜವನ್ನು ಮನೆಯಲ್ಲೇ ಪ್ಯಾಕ್ ಮಾಡಿ ಮಾರುತ್ತೇವೆ. ಒಂದು ಮಳೆಗಾಲದಲ್ಲಿ ದಪ್ಪ ಪಾಲಿಥೀನ್ ಚೀಲದ ಬೀಜ, ಗರಿಗರಿ ಹೆಚ್ಚು ಕೆಡದಿದ್ದರೂ, ಎಣ್ಣೆ ಕಮಟಿದ ವಾಸನೆಯೊಂದಿಗೆ ಅಂಗಡಿಗಳಿಂದ ಮರಳಿ ಬಂತು. ಚೀಲ ತೂತಾಗಿರಬೇಕೆಂದು ನೀರಿನಲ್ಲಿ ಮುಳುಗಿಸಿ ಒತ್ತಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಅನಿಲ ದಾಟಲು ತೂತು ಬೇಕೇ ಬೇಕೆಂಬ ನನ್ನ ತಪ್ಪು ಕಲ್ಪನೆಯನ್ನು ಕಳೆದದ್ದು ಎರಡು ಬಲೂನುಗಳು. ಒಂದಕ್ಕೆ ಪಂಪಿನಿಂದ ಗಾಳಿಯನ್ನೂ ಇನ್ನೊಂದಕ್ಕೆ ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಎದ್ದ ಇಂಗಾಲದ ಡೈಆಕ್ಸೈಡನ್ನೂ ಸಮನಾಗಿ ತುಂಬಿ ಕಟ್ಟಿಟ್ಟೆ. ಸಣ್ಣ ರಂಧ್ರಗಳ ಮಣ್ಣಿನ ಪಾತ್ರೆಯಿಂದ ಹಗುರ ಅನಿಲ ಬೇಗ, ಭಾರದ್ದು ನಿಧಾನವಾಗಿ ಹೊರಬೀಳುತ್ತದೆ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಆದರೆ ಮರುದಿನ ಕುಗ್ಗಿದ್ದು ಭಾರದ ಅನಿಲದ ಬಲೂನು. ರಬ್ಬರಿನಲ್ಲಿ ಅನಿಲ ತೂತು ಹುಡುಕುವುದಿಲ್ಲ. ಒಂದು ಮೈಯಲ್ಲಿ ಕರಗಿ, ಅಣುಸರಪಳಿಗಳ ನಡುವೆ ಸರಿದು, ಇನ್ನೊಂದು ಮೈಯಲ್ಲಿ ಆವಿಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ರಬ್ಬರಿನಲ್ಲಿ ಚೆನ್ನಾಗಿ ಕರಗುವುದರಿಂದಲೇ ಬೇಗ ದಾಟುತ್ತದೆ. ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1866ರಲ್ಲೇ ಈ ವಿವರಣೆ ಕೊಟ್ಟಿದ್ದರು.

ಆ ಮೇಲೆ ಒಂದೇ ಅಳತೆಯ ಮೂರು ಚೀಲಗಳಲ್ಲಿ ತಲಾ 20 ಗ್ರಾಂ ಒಣಗಿಸಿದ, ತೇವ ಹೀರುವ ಸಿಲಿಕಾ ಜೆಲ್ ಹಾಕಿ ಸೀಲ್ ಮಾಡಿ, ಜುಲೈಯ ಒಂದು ವಾರ ಅಡುಗೆಮನೆಯಲ್ಲಿ ತೂಗುಹಾಕಿದೆ. 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ದಪ್ಪದ ಪಾಲಿಥೀನ್ ಚೀಲ 1.6 ಗ್ರಾಂ, 100 ಮೈಕ್ರಾನಿನದು 0.8 ಗ್ರಾಂ ತೂಕ ಹೆಚ್ಚಿತು. ಅಲ್ಯೂಮಿನಿಯಂ ಪದರದ ಚೀಲದ ತೂಕ ಕದಲಲಿಲ್ಲ. ದಪ್ಪ ಎರಡು ಪಟ್ಟಾದರೆ ಹರಿವು ಅರ್ಧವಾಗುತ್ತದೆ ಎಂಬುದು ವಸ್ತುಗಳು ಹರಡುವ ಬಗೆಯನ್ನು ಹೇಳುವ 1855ರ ಫಿಕ್ ನಿಯಮದಿಂದ ಹೊರಡುವ ಮಾತು, ಅದನ್ನು ನನ್ನ ತಕ್ಕಡಿಯಲ್ಲೇ ಕಂಡಾಗ ಬಹಳ ಸಂತೋಷವಾಯಿತು. ಪಾಲಿಥೀನ್ ನೀರಾವಿಯನ್ನು ಹಲವು ಪ್ಲಾಸ್ಟಿಕ್‌ಗಳಿಗಿಂತ ಚೆನ್ನಾಗಿ ತಡೆಯುತ್ತದೆ, ಆಮ್ಲಜನಕವನ್ನು ತಡೆಯುವಲ್ಲಿ ಬಹಳ ಹಿಂದೆ. ನೈಲಾನಿನ ಗುಣ ಇದಕ್ಕೆ ತಿರುಗುಮುರುಗು. ಗರಿಗರಿಯಾಗಿದ್ದ ಬೀಜ ಕಮಟಿದ್ದು, ಪಾಲಿಥೀನ್ ದಾಟಿ ಬಂದ ಆಮ್ಲಜನಕ ಅದರ ಎಣ್ಣೆಯನ್ನು ಕೆಡಿಸಿದ್ದರಿಂದಲೇ.

ಸಾರಜನಕ ತುಂಬಿದರೆ ಪಾಲಿಥೀನೇ ಸಾಕಾಗಬಹುದೆಂದು ಯೋಚಿಸಿದ್ದೆ. ಆದರೆ ಒಳಗೂ ಹೊರಗೂ ಒಟ್ಟು ಒತ್ತಡ ಸಮವಾಗಿದ್ದರೂ ಪ್ರತಿಯೊಂದು ಅನಿಲವೂ ತನ್ನ ಪಾಲಿನ ಒತ್ತಡದ ಇಳಿಜಾರನ್ನಷ್ಟೇ ಅನುಸರಿಸುವುದರಿಂದ, ಹೊರಗಿನ ಗಾಳಿಯ ಶೇಕಡಾ 21ರಷ್ಟು ಆಮ್ಲಜನಕ, ಅದಿಲ್ಲದ ಚೀಲದೊಳಕ್ಕೆ ನುಗ್ಗುತ್ತಲೇ ಇರುತ್ತದೆ.

ಈಗ ಅಲ್ಯೂಮಿನಿಯಂ ಪದರದ ಚೀಲದಲ್ಲಿ ಸಾರಜನಕ ತುಂಬುತ್ತೇವೆ. ಈ ಚೀಲ ಮಡಿಸಿದಲ್ಲಿ ಪದರ ಬಿರಿಯಬಹುದು, ಸೀಲ್‌ನ ಅಂಚು ಸುಕ್ಕಾಗಬಹುದು. ನೀರಿನಲ್ಲಿ ಮುಳುಗಿಸಿ ನೋಡುವ ಹಳೆಯ ಪರೀಕ್ಷೆ ಈಗ ಸೀಲ್‌ನ ಅಂಚಿಗಾಗಿ ನಡೆಯುತ್ತದೆ.