ನಾಕಿ ಅಂದರೆ ನಾಲ್ಕಲ್ಲ

ಮೊದಲ ವಾರವೇ ಎಡವಿದೆ. ಏಳನೇ ಕ್ಲಾಸಿನ ಮಕ್ಕಳಿಗೆ ಗುಂಪು ಮಾಡಿಕೊಳ್ಳಲು ಹೇಳಿದ್ದೆ. ಹಿಂದೆ ಕೂತಿದ್ದ ಹುಡುಗನೊಬ್ಬ ‘ನಾಕಿ?’ ಅಂದ. ನಾನು ಹೂಂ ಅಂತ ತಲೆಯಾಡಿಸಿದೆ. ತಿರುಗಿ ನೋಡಿದರೆ ಎಲ್ಲರೂ ಇಬ್ಬಿಬ್ಬರಾಗಿ ಕೂತಿದ್ದಾರೆ. ನಾನು ಜೋಡಿಸಿಟ್ಟ ಸಾಮಾನು ಇದ್ದದ್ದು ನಾಲ್ಕು ನಾಲ್ಕು ಜನರ ಗುಂಪಿಗೆ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಭಾಷೆಯಲ್ಲಿ ನಾಕಿ ಅಂದರೆ ಎರಡು. ನನ್ನ ಕಿವಿಗೆ ಅದು ನಮ್ಮ ‘ನಾಕು’ ಅಂತಲೇ ಕೇಳಿಸಿತ್ತು. ಅರಿಜೋನಾದ ಹುಡುಗ ಕನ್ನಡದಲ್ಲಿ ಯಾಕೆ ಮಾತಾಡುತ್ತಾನೆ ಅಂತ ಯೋಚಿಸುವಷ್ಟು ತಲೆ ಆಗ ಓಡಲಿಲ್ಲ.

ನಾನು ಕಾರ್ಕಳದ ಕಡೆಯವಳು, ವಿಜ್ಞಾನದ ಟೀಚರ್. 2021ರಿಂದ 2024ರವರೆಗೆ ಮೂರು ವರ್ಷ ಆ ಜನರದೇ ಆಡಳಿತವಿರುವ ನವಾಹೊ ನೇಷನ್ ಒಳಗಿನ ಒಂದು ಶಾಲೆಯಲ್ಲಿ ಪಾಠ ಮಾಡಿದೆ. ಅಲ್ಲಿ ಟೀಚರುಗಳು ಸಿಗುವುದೇ ಕಷ್ಟ. ಅದಕ್ಕೇ ಎಕ್ಸ್‌ಚೇಂಜ್ ವೀಸಾದಲ್ಲಿ ಹೊರದೇಶದವರನ್ನು ಕರೆಸಿಕೊಳ್ಳುತ್ತಾರೆ. ಫಿಲಿಪ್ಪೀನ್ಸ್‌ನವರು ಜಾಸ್ತಿ, ನಮ್ಮವರೂ ಅಲ್ಲಲ್ಲಿ ಇದ್ದಾರೆ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಮೂರೂ ರಾಜ್ಯಗಳಲ್ಲಿ ಹರಡಿಕೊಂಡ ಈ ನಾಡು ಸುಮಾರು 71,000 ಚದರ ಕಿಲೋಮೀಟರ್. ಕೇರಳದ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ, ಅಷ್ಟೇ. ನನ್ನ ಶಾಲೆ ಇದ್ದದ್ದು ಚಿನ್ಲೆ ಊರಿನ ಕಡೆ. ಕೆಂಪು ಕಲ್ಲು, ದೂಳು, ರಸ್ತೆಗೆ ಅಡ್ಡ ಬರುವ ಕುರಿಗಳು. ಈ ಜನ ತಮ್ಮನ್ನು ದಿನೆ ಎಂದು ಕರೆದುಕೊಳ್ಳುತ್ತಾರೆ. ಭಾಷೆಯ ಹೆಸರು ದಿನೆ ಬಿಜಾದ್.

ಭಾಷೆ ಕಲಿಸುವುದು ನನ್ನ ಕೆಲಸವಾಗಿರಲಿಲ್ಲ. ಅದಕ್ಕೆ ಬೇರೆ ಟೀಚರ್ ಇದ್ದರು, ಅರವತ್ತು ದಾಟಿದವರು. ಮಕ್ಕಳೆಲ್ಲ ಅವರನ್ನು ‘ಶಿಮಾ ಸಾನಿ’ ಅನ್ನುತ್ತಿದ್ದರು. ಅಮ್ಮನ ಅಮ್ಮ ಅಂತ ಅರ್ಥ. ನಾನೂ ಹಾಗೇ ಕರೆದೆ. ಅವರು ನನ್ನನ್ನು ಮೊದಲು ಕೇಳಿದ್ದು ಹೆಸರಲ್ಲ, ಕುಲ. ಅಲ್ಲಿ ಪರಿಚಯ ಹೇಳಿಕೊಳ್ಳುವುದೇ ಹಾಗೆ. ಮೊದಲು ಅಮ್ಮನ ಕುಲ, ಆಮೇಲೆ ಅಪ್ಪನದು, ಆಮೇಲೆ ಇಬ್ಬರು ತಾತಂದಿರದು. ಕಹಿನೀರಿನವರು, ಎತ್ತರದ ಮನೆಯವರು, ಹೀಗೆ ಹೆಸರುಗಳು. ನಾನು ಸಂಕೋಚದಿಂದಲೇ ಹೇಳಿದೆ: ನಮ್ಮ ತುಳುನಾಡಿನಲ್ಲಿ ಅಳಿಯಕಟ್ಟಿನ ಮನೆಗಳಿವೆ, ನಮಗೂ ಬಳಿ, ಅಂದರೆ ಕುಲ, ಬರುವುದು ಅಮ್ಮನಿಂದ, ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ನಮ್ಮಲ್ಲೂ ಅಷ್ಟೇ, ಅಂದರು. ಆ ಒಂದು ಮಾತು ಆಗದೇ ಹೋಗಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ನನ್ನ ಕ್ಲಾಸಿನ ಹೆಚ್ಚಿನ ಮಕ್ಕಳಿಗೆ ದಿನೆ ಬಿಜಾದ್ ಅಲ್ಪಸ್ವಲ್ಪ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅಜ್ಜಿ ಬೈದರೆ ಗೊತ್ತಾಗುತ್ತದೆ, ತಿರುಗಿ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯಾಕೆ ಹೀಗಾಯಿತು ಅಂತ ಯಾವ ಅಜ್ಜಿಯನ್ನು ಕೇಳಿದರೂ ಸೋಪಿನ ಕಥೆ ಬರುತ್ತದೆ. 1864ರಲ್ಲಿ ಅಮೆರಿಕದ ಸೈನ್ಯ ಇವರನ್ನು ಊರು ಬಿಡಿಸಿ ನೂರಾರು ಕಿಲೋಮೀಟರ್ ನಡೆಸಿಕೊಂಡು ಹೋಗಿ ಬಾಸ್ಕ್ ರೆಡಾಂಡೊ ಅನ್ನುವ ಶಿಬಿರದಲ್ಲಿ ಕೂಡಿ ಹಾಕಿತು. 1868ರ ಒಪ್ಪಂದದಲ್ಲಿ ನೆಲ ವಾಪಸ್ ಸಿಕ್ಕಿತು. ಆದರೆ ಆರರಿಂದ ಹದಿನಾರು ವರ್ಷದ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಅನ್ನುವ ಷರತ್ತೂ ಅದರಲ್ಲೇ ಇತ್ತು. ಆಮೇಲೆ ಬಂದ ಬೋರ್ಡಿಂಗ್ ಶಾಲೆಗಳಲ್ಲಿ ದಿನೆ ಬಿಜಾದ್ ಆಡಿದ ಮಕ್ಕಳ ಬಾಯಿ ಸೋಪಿನಲ್ಲಿ ತೊಳೆದರು. ಅದೇ ಭಾಷೆಯನ್ನು 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಸೈನ್ಯ ಗುಪ್ತ ಸಂಕೇತ ಮಾಡಿಕೊಂಡಿತು. ಮೊದಲು 29 ದಿನೆ ಹುಡುಗರು ಕೂತು ಕಟ್ಟಿದ ಆ ಸಂಕೇತದಲ್ಲಿ ‘ಆಲೂಗಡ್ಡೆ’ ಅಂದರೆ ಕೈಬಾಂಬ್. ಸೋಪು ತಿಂದ ಪೀಳಿಗೆಯವರು ತಮ್ಮ ಮಕ್ಕಳಾದರೂ ಕಷ್ಟಪಡದಿರಲಿ ಅಂತ ಮನೆಯಲ್ಲಿ ಇಂಗ್ಲಿಷ್ ಆಡಿದರು. ಅವರನ್ನು ಬೈಯಲು ಹೇಗೆ ಮನಸ್ಸು ಬರುತ್ತದೆ ಹೇಳಿ.

ಇಲ್ಲಿ ಭಾಷೆಗಾಗಿ ಕೆಲಸ ಮಾಡಿದವರೇನು ಕಡಿಮೆಯಿಲ್ಲ. ನಾನಿದ್ದ ಕಡೆಯಿಂದ ದೂರವಲ್ಲದ ರಫ್ ರಾಕ್‌ನಲ್ಲಿ 1966ರಲ್ಲೇ ದಿನೆ ಜನ ತಾವೇ ನಡೆಸುವ ಶಾಲೆ ಶುರುವಾಯಿತು. 1968ರಲ್ಲಿ ಅವರದೇ ಕಾಲೇಜು ಬಂತು. ಈಗ ಸೇಲಿಯಲ್ಲಿರುವ ದಿನೆ ಕಾಲೇಜು ಅದೇ. ನಾನು ಮಾಡಿದ್ದು ಇದರ ಮುಂದೆ ತೀರಾ ಸಣ್ಣದು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ನೀರು, ಕಲ್ಲು, ಗಾಳಿ, ಬೆಂಕಿ ಅಂತ ಬಣ್ಣದ ಚೀಟಿಗಳಲ್ಲಿ ಅವರ ಭಾಷೆಯ ಹೆಸರು ಬರೆದು ಗೋಡೆಗೆ ಅಂಟಿಸಿದೆ. ನೋಡಲು ಚೆನ್ನಾಗಿತ್ತು. ಹೆಡ್‌ಮಾಸ್ಟರ್ ಫೋಟೊ ತೆಗೆದರು. ಮಕ್ಕಳು ಒಮ್ಮೆಯೂ ಅತ್ತ ನೋಡಲಿಲ್ಲ. ಶಿಮಾ ಸಾನಿ ಒಂದು ದಿನ ಬಂದು ಗೋಡೆಯನ್ನು ನಿಧಾನವಾಗಿ ಓದಿ, ‘ಎಲ್ಲಾ ಹೆಸರುಗಳೇ. ಕ್ರಿಯಾಪದ ಒಂದೂ ಇಲ್ಲವಲ್ಲ’ ಅಂದರು.

ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು. ನಾವು ‘ನನಗೆ ಕೊಡು’ ಅನ್ನುತ್ತೇವೆ. ಏನೇ ಇರಲಿ, ಕೊಡು. ದಿನೆ ಬಿಜಾದ್‌ನಲ್ಲಿ ಹಾಗಾಗುವುದಿಲ್ಲ. ಕೊಡಬೇಕಾದ ವಸ್ತು ಎಂಥದು ಅನ್ನುವುದರ ಮೇಲೆ ಕ್ರಿಯಾಪದವೇ ಬದಲಾಗುತ್ತದೆ. ಸೇಬಿನಂಥ ಗಟ್ಟಿ ಉಂಡೆಗೆ ‘ಶಾ ನೀಆಹ್’. ತೆರೆದ ಬಟ್ಟಲಲ್ಲಿರುವ ಕಾಫಿಗೆ ‘ಶಾ ನೀಕಾಹ್’. ಪೆನ್ಸಿಲಿನಂಥ ಉದ್ದ ಗಟ್ಟಿ ವಸ್ತುವಿಗೆ ಒಂದು, ಹಗ್ಗಕ್ಕೆ ಒಂದು, ಬಟ್ಟೆ ಕಾಗದದಂಥ ತೆಳು ಹಾಳೆಗೆ ಒಂದು, ಕೆಸರಿಗೆ ಒಂದು, ಹಿಂಜಿದ ಉಣ್ಣೆಗೆ ಒಂದು, ಜೀವ ಇರುವುದಕ್ಕೆ ಇನ್ನೊಂದು. ಹೀಗೆ ಸುಮಾರು ಹನ್ನೊಂದು ಬಗೆ.

ಕೇಳಿ ನನಗೆ ನಗು ಬಂತು. ನಮ್ಮಲ್ಲೂ ಇದರ ಚೂರು ಇದೆ, ಅಲ್ವಾ? ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಕುಂಕುಮ ಇಡುತ್ತೇವೆ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಎಲ್ಲದಕ್ಕೂ ‘ಹಾಕು’ ಅನ್ನುತ್ತಾಳೆ. ಸೀರೆ ಹಾಕು, ಹೂ ಹಾಕು, ಕುಂಕುಮ ಹಾಕು. ಇದನ್ನು ಹೇಳಿದಾಗ ಶಿಮಾ ಸಾನಿ ಮೇಜು ತಟ್ಟಿ ನಕ್ಕರು. ಅವರ ದೂರೂ ಅದೇ. ಈಗಿನ ಮಕ್ಕಳು ಎಲ್ಲದಕ್ಕೂ ‘ಉಂಡೆ’ಯ ಕ್ರಿಯಾಪದವನ್ನೇ ಬಳಸುತ್ತಾರಂತೆ.

ಆ ವಾರ ನನ್ನ ಪಾಠ ವಸ್ತುವಿನ ಗುಣಗಳು: ಗಟ್ಟಿ, ದ್ರವ, ಬಾಗುವುದು, ಬಾಗದಿರುವುದು. ಪಠ್ಯಪುಸ್ತಕದ ಪಟ್ಟಿ ಪಕ್ಕಕ್ಕಿಟ್ಟೆ. ಮೇಜಿನ ಮೇಲೆ ಮಂಜುಗಡ್ಡೆ, ಲೋಟದಲ್ಲಿ ನೀರು, ಕೆಸರು, ದಾರ, ಉಣ್ಣೆ, ಕಡ್ಡಿ, ಕಾಗದ ಇಟ್ಟೆ. ಶಿಮಾ ಸಾನಿ ಪಕ್ಕದಲ್ಲಿ ಕೂತರು. ನಿಯಮ ಒಂದೇ: ಬೇಕಾದ್ದನ್ನು ಸರಿಯಾದ ಕ್ರಿಯಾಪದದಲ್ಲಿ ಕೇಳಬೇಕು, ವಸ್ತುವಿನ ಹೆಸರು ಹೇಳುವಂತಿಲ್ಲ. ಕ್ರಿಯಾಪದ ತಪ್ಪಿದರೆ ಕೈಗೆ ಬೇರೆಯದೇ ಬರುತ್ತದೆ. ಒಬ್ಬ ಹುಡುಗನಿಗೆ ದಾರದ ಬದಲು ಕೆಸರು ಸಿಕ್ಕಿತು. ಅವನು ಆ ಕ್ರಿಯಾಪದವನ್ನು ಇನ್ನು ಮರೆಯಲಾರ.

ಆಮೇಲೆ ಒಬ್ಬಳು ಕಾಗದವನ್ನು ಮುದುರಿ ಮುಂದೆ ಹಿಡಿದಳು. ‘ಮಿಸ್, ಇದಕ್ಕೆ?’ ಕ್ಲಾಸು ಎರಡು ಪಂಗಡವಾಯಿತು. ಹಾಳೆ ಹಾಳೆಯೇ ಅಂತ ಕೆಲವರು, ಈಗ ಉಂಡೆ ಅಂತ ಕೆಲವರು. ಶಿಮಾ ಸಾನಿ ಅದನ್ನು ಕೈಯಲ್ಲಿ ಅಮುಕಿ ನೋಡಿ, ‘ಎಷ್ಟು ಬಿಗಿಯಾಗಿ ಮುದುರಿದ್ದೀಯಾ ಅನ್ನುವುದರ ಮೇಲೆ’ ಅಂದರು. ಸಡಿಲವಾಗಿದ್ದರೆ ಉಣ್ಣೆಯ ಗುಂಪು, ಬಿಗಿಯಾದರೆ ಉಂಡೆಯ ಗುಂಪು. ಬಾಕಿ ಪೀರಿಯಡ್ ಪೂರ್ತಿ ಮಕ್ಕಳು ಕಾಗದ ಮುದುರಿದರು. ಸಾಂದ್ರತೆ ಅನ್ನುವ ಮಾತನ್ನು ನಾನು ಬೋರ್ಡಿನ ಮೇಲೆ ಬರೆಯುವ ಹೊತ್ತಿಗೆ ಅವರಿಗೆ ಅದು ಗೊತ್ತಾಗಿಬಿಟ್ಟಿತ್ತು.

ಇನ್ನು ನನ್ನ ಉಚ್ಚಾರಣೆ. ದೀರ್ಘ ಹ್ರಸ್ವ ನಮಗೆ ಹುಟ್ಟಿನಿಂದಲೇ ಬಂದದ್ದು, ಅದರಲ್ಲಿ ಅಮೆರಿಕದ ಟೀಚರುಗಳಿಗಿಂತ ನಾನು ವಾಸಿ. ಆದರೆ ನಾಲಿಗೆ ‘ಲ’ದಲ್ಲಿಟ್ಟು ಎರಡು ಬದಿಯಿಂದ ಬರೀ ಗಾಳಿ ಬಿಡುವ ಒಂದು ಅಕ್ಷರವಿದೆ. ಮೂರು ವರ್ಷವಾದರೂ ನನಗೆ ಪೂರ್ತಿ ಬರಲಿಲ್ಲ. ದನಿಯ ಏರಿಳಿತ ಇನ್ನೂ ಕಷ್ಟ. ‘ಅಜೇ’ ಎಂಬುದನ್ನು ದನಿ ಏರಿಸಿ ಹೇಳಿದರೆ ಬಾಯಿ, ತಗ್ಗಿಸಿ ಹೇಳಿದರೆ ಔಷಧಿ. ನಾನು ತಪ್ಪಿದಾಗಲೆಲ್ಲ ಮಕ್ಕಳು ತಿದ್ದುತ್ತಿದ್ದರು. ತಮಗೆ ಭಾಷೆ ಬರುವುದಿಲ್ಲ ಅಂತ ನಾಚುತ್ತಿದ್ದವರೇ ಟೀಚರಿಗೆ ಪಾಠ ಹೇಳತೊಡಗಿದರು. ನಾನು ಯೋಜನೆ ಹಾಕಿ ಮಾಡಿದ್ದಲ್ಲ ಇದು. ಸುಮ್ನೆ ಆಯಿತು.

ಒಂದು ದೊಡ್ಡ ತಪ್ಪನ್ನೂ ಹೇಳಬೇಕು. ‘ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ’ ಅಂತ ಹೋಮ್‌ವರ್ಕ್ ಕೊಟ್ಟೆ. ಮರುದಿನ ಒಬ್ಬಳು ಖಾಲಿ ಹಾಳೆ ಕೊಟ್ಟು ಕಿಟಕಿಯಾಚೆ ನೋಡುತ್ತಾ ಕೂತಳು. ಕೋವಿಡ್ ಈ ನಾಡನ್ನು ಎಷ್ಟು ಕೆಟ್ಟದಾಗಿ ಹೊಡೆದಿತ್ತು ಅಂತ ಓದಿದ್ದೆ. ಓದಿದ್ದು ತಲೆಯಲ್ಲೇ ಉಳಿದಿತ್ತು. ಹೋದವರಲ್ಲಿ ಭಾಷೆ ಬಲ್ಲ ಹಿರಿಯರು ಎಷ್ಟೋ ಜನ. ಅಂದಿನಿಂದ ಹೋಮ್‌ವರ್ಕಿನ ಮಾತು ಬದಲಾಯಿಸಿದೆ: ಯಾರಾದರೂ ಒಬ್ಬ ಹಿರಿಯರನ್ನು ಕೇಳಿ. ಶಾಲೆಯ ಬಸ್ ಡ್ರೈವರ್, ಅಡುಗೆಮನೆಯ ಇಬ್ಬರು ಹೆಂಗಸರು ಒಪ್ಪಿಕೊಂಡರು. ಊಟದ ಸಾಲು ನಿಧಾನವಾಯಿತು. ಸೌಟು ಹಿಡಿದೇ ಕ್ರಿಯಾಪದ ಹೇಳಿಕೊಡುತ್ತಿದ್ದರು.

2023ರ ಅಕ್ಟೋಬರ್ 14ರಂದು ಕಂಕಣ ಸೂರ್ಯಗ್ರಹಣ ನೇರ ಈ ನಾಡಿನ ಮೇಲೆಯೇ ಹಾದುಹೋಯಿತು. ವಿಜ್ಞಾನದ ಟೀಚರಿಗೆ ಹಬ್ಬ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಮಕ್ಕಳಿಗೆ ಗ್ರಹಣ ನೋಡುವ ಕನ್ನಡಕ ಹಂಚಿದವಳು ನಾನು. ಇಲ್ಲಿಗೂ ಕನ್ನಡಕ ತರಿಸಿದ್ದೆ. ಆದರೆ ದಿನೆ ಸಂಪ್ರದಾಯದಲ್ಲಿ ಗ್ರಹಣದ ಹೊತ್ತು ಸೂರ್ಯ ಸತ್ತು ಮತ್ತೆ ಹುಟ್ಟುವ ಹೊತ್ತು. ಒಳಗೆ ಸುಮ್ಮನೆ ಕೂರಬೇಕು. ಊಟ, ನೀರು, ನಿದ್ದೆ ಇಲ್ಲ, ನೋಡುವುದಂತೂ ಇಲ್ಲವೇ ಇಲ್ಲ. ಮಾನ್ಯುಮೆಂಟ್ ವ್ಯಾಲಿಯನ್ನೇ ಆ ಹೊತ್ತು ಮುಚ್ಚಿದರು. ಊರಿನಲ್ಲಿ ನನ್ನಜ್ಜಿ ದರ್ಭೆ ಹಾಕಿಟ್ಟು ಬಾಗಿಲು ಮುಚ್ಚುತ್ತಿದ್ದಾಗ ನಾನು ವಾದ ಮಾಡಿದ್ದೇನೆ. ಇಲ್ಲಿ ಮಾಡಲಿಲ್ಲ. ಅಜ್ಜಿಯ ಜೊತೆ ವಾದ ಮಾಡುವುದು ಮೊಮ್ಮಗಳ ಹಕ್ಕು, ಬಂದ ನೆಂಟರದ್ದಲ್ಲ. ಹಿಂದಿನ ವಾರ ದೀಪ, ಚೆಂಡು ಇಟ್ಟು ನೆರಳಿನ ಲೆಕ್ಕ ಹೇಳಿಕೊಟ್ಟೆ. ಕನ್ನಡಕ ಪೆಟ್ಟಿಗೆಯಲ್ಲೇ ಉಳಿಯಿತು. ಅಂದು ಶನಿವಾರ. ಕೋಣೆಯ ಪರದೆ ಎಳೆದು ನಾನೂ ಒಳಗೇ ಕೂತಿದ್ದೆ. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

2024ರ ಮೇ ತಿಂಗಳಲ್ಲಿ ಹೊರಟೆ. ಮೂರು ವರ್ಷ ಮಕ್ಕಳು ತುಂಬಿಸಿದ ಒಂದು ನೋಟ್‌ಬುಕ್ ಇತ್ತು. ಒಂದು ಕಡೆ ವಸ್ತು, ಇನ್ನೊಂದು ಕಡೆ ಯಾವ ಕ್ರಿಯಾಪದ, ಯಾರು ಹೇಳಿದ್ದು. ಹೊಸ ಟೀಚರ್ ಮನಿಲಾ ಕಡೆಯವರು, ಅವರಿಗೆ ಕೊಟ್ಟು ಬಂದೆ. ಬಹುತೇಕ ಎಲ್ಲ ಸಾಲೂ ತುಂಬಿದೆ. ಒದ್ದೆ ಸ್ಪಂಜಿನ ಮುಂದೆ ಮಾತ್ರ ಎರಡು ಉತ್ತರ ಇವೆ. ಒಂದು ಬಸ್ ಡ್ರೈವರದ್ದು, ಇನ್ನೊಂದು ಅಡುಗೆಮನೆಯದು. ಇಬ್ಬರೂ ಬಿಟ್ಟುಕೊಟ್ಟಿಲ್ಲ.