ಕೆಳಗಿನ ಸೆಟ್ಟು ಕಡೆಗೂ ನಿಂತಿತು

ಕಟ್ಟಿಸಿದ ಹಲ್ಲಿನಲ್ಲಿ ಮೇಲಿನ ಸೆಟ್ಟಿನ ಬಗ್ಗೆ ನಾನೇನೂ ಹೇಳುವುದಿಲ್ಲ. ಅದು ಅಂಗುಳಕ್ಕೆ ಅಂಟಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಜಗಳವೆಲ್ಲ ಕೆಳಗಿನದರದ್ದು. ಹಲ್ಲು ಕಟ್ಟಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕಳಿಸಿದರೆ ಎದ್ದು ಬರುತ್ತದೆ, ನಕ್ಕರೆ ನಾಲಿಗೆ ಮೇಲೆ ಕೂರುತ್ತದೆ. "ಭಾವ, ಕೆಳಗಿನದು ಯಾರಿಗೂ ನಿಲ್ಲಲ್ಲ, ಡಬ್ಬಿಯಲ್ಲಿಟ್ಟು ಸುಮ್ನಿರಿ" ಎಂದು ನನ್ನ ಭಾಮೈದ ನಾಲ್ಕು ಜನರ ಮುಂದೆ ಹೇಳಿದ್ದ. ಈಗ ಎರಡು ವರ್ಷದ ಮೇಲಾಯಿತು. ಅಂಟಿಸುವ ಪೌಡರಿಲ್ಲ, ಪೇಸ್ಟಿಲ್ಲ. ಬೆಳಿಗ್ಗೆ ಹಾಕಿದ ಕೆಳಗಿನ ಸೆಟ್ಟು ರಾತ್ರಿ ನಾನಾಗಿ ತೆಗೆಯುವವರೆಗೆ ಅಲ್ಲೇ ಇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. 31 ವರ್ಷ ಸರ್ವಿಸ್, ಬಹುಪಾಲು ಮಂಡ್ಯ, ಮೈಸೂರು ಕಡೆಯ ರೂಟುಗಳು. ನೈಟ್ ಡ್ಯೂಟಿಯಲ್ಲಿ ನಿದ್ದೆ ಬರದಿರಲೆಂದು ಎಲೆಅಡಿಕೆ ಶುರು ಮಾಡಿದೆ. ಆಮೇಲೆ ಹೊಗೆಸೊಪ್ಪು ಸೇರಿತು. ಐವತ್ತೈದರ ಹೊತ್ತಿಗೆ ಹಲ್ಲುಗಳು ಒಂದೊಂದಾಗಿ ಅಲ್ಲಾಡತೊಡಗಿದವು. ರಿಟೈರ್ ಆದ ವರ್ಷ ಉಳಿದಿದ್ದ ಒಂಬತ್ತನ್ನೂ ಕೀಳಿಸಿದೆ.

ಮೊದಲ ಸೆಟ್ಟು ಅವಸರದ್ದು. ಮಗಳ ಮದುವೆಗೆ ಒಂದೂವರೆ ತಿಂಗಳಿತ್ತು. ಬೊಚ್ಚುಬಾಯಲ್ಲಿ ಧಾರೆ ಎರೆಯುವುದು ಹೇಗೆ? ಹಲ್ಲು ಕೀಳಿಸಿದ ಮೂರೇ ವಾರಕ್ಕೆ ಅಳತೆ ಕೊಟ್ಟೆ. ಆರು ಸಾವಿರವೋ ಆರೂವರೆಯೋ ಆಯಿತು. ಮದುವೆ ಫೋಟೋದಲ್ಲಿ ಚೆನ್ನಾಗಿಯೇ ಬಂದಿದ್ದೇನೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅಪ್ಪನ ಚಪ್ಪಲಿಗೆ ಮಗು ಕಾಲು ತೂರಿಸಿದ ಹಾಗೆ ಆಯಿತು. ಹಲ್ಲು ಹೋದ ಮೇಲೆ ದವಡೆ ಮೂಳೆ ಸವೆಯುತ್ತದೆ, ಮೊದಲ ತಿಂಗಳುಗಳಲ್ಲೇ ಜಾಸ್ತಿ, ಅದರಲ್ಲೂ ಕೆಳಗಿನದು ಮೇಲಿನದರ ನಾಲ್ಕು ಪಟ್ಟು ಸವೆಯುತ್ತದೆ ಎಂದು ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಆಗ ನಾನು ಮಾಡಿದ ಕಿತಾಪತಿ ಒಂದೆರಡಲ್ಲ. ಒತ್ತಿ ಹುಣ್ಣಾಗುತ್ತಿದ್ದ ಕಡೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದೆ. ಹುಣ್ಣು ಹೋಯಿತು, ಜೊತೆಗೆ ಹಿಡಿತವೂ ಹೋಯಿತು. ಮೇಣದಬತ್ತಿ ಕರಗಿಸಿ ಒಳಗಡೆ ತೆಳ್ಳಗೆ ಸವರಿದೆ. ಮೊದಲ ಕಾಫಿಗೇ ಅದು ಮೆತ್ತಗಾಗಿ ಗಂಟಲಿಗೆ ಬಂತು. ಆಮೇಲೆ ಫಿಕ್ಸಾನ್ ಎಂಬ ಸೆಟ್ಟು ಅಂಟಿಸುವ ಪೌಡರು. ಅದು ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಸಡಿಲ ಸೆಟ್ಟಿಗೆ ದಿನಕ್ಕೆ ಮೂರು ಸಲ ಉದುರಿಸಿಕೊಂಡು ವರ್ಷಕ್ಕೆ ಮೂರು ಸಾವಿರದ ಹತ್ತಿರ ಖರ್ಚು ಮಾಡಿದೆ. ಅಷ್ಟರಲ್ಲಿ ಇನ್ನರ್ಧ ಸೆಟ್ಟು ಬರುತ್ತಿತ್ತು.

ಎರಡನೆಯದನ್ನು ದೊಡ್ಡ ಕ್ಲಿನಿಕ್ಕಿನಲ್ಲಿ ಮಾಡಿಸಿದೆ. 15 ಸಾವಿರ. ಎಸಿ, ಗಾಜಿನ ಬಾಗಿಲು, ಎರಡೇ ವಿಸಿಟ್ಟಿಗೆ ಕೆಲಸ ಮುಗೀತು. ಅಲ್ಲೇ ಅನುಮಾನ ಬರಬೇಕಿತ್ತು. ಹಲ್ಲೇನೋ ಹಾಲಿನ ಹಾಗೆ ಬೆಳ್ಳಗೆ, ಸಾಲಿಗೆ ನಿಲ್ಲಿಸಿದ ಹಾಗಿತ್ತು. ಬಾಯಿ ಬಿಟ್ಟರೆ ಶಿಳ್ಳೆ. "ಮದ್ದೂರು" ಸರಿಯಾಗಿ ಬರುತ್ತಿತ್ತು, "ಮಂಡ್ಯ" ಬರುತ್ತಿತ್ತು, "ಶ್ರೀರಂಗಪಟ್ಟಣ" ಎಂದರೆ ಪ್ರೆಷರ್ ಕುಕ್ಕರ್. ಒಂದು ದಿನ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಹಳೇ ಡ್ರೈವರ್ ಒಬ್ಬ ಜೋಕ್ ಹೇಳಿದ, ನಾನು ನಕ್ಕೆ, ಕೆಳಗಿನ ಸೆಟ್ಟು ಹೋಗಿ ಸಾಂಬಾರಿನ ಬಟ್ಟಲಿಗೆ ಬಿತ್ತು. ಜೋಕಿಗಿಂತ ಅದಕ್ಕೇ ಜಾಸ್ತಿ ನಗು ಬಂತು.

ವಾಪಸ್ ಹೋಗಿ ಕೇಳಿದರೆ, ಕೆಳದವಡೆಗೆ ಎರಡು ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರುವ ತಿರುಪು, ಹಾಕಿ ಗುಂಡಿ ಒತ್ತಿದ ಹಾಗೆ ಸೆಟ್ಟು ಕೂರಿಸೋಣ, 1 ಲಕ್ಷದ 10 ಸಾವಿರ ಆಗುತ್ತದೆ ಎಂದರು. ಆ ದಾರಿ ಒಳ್ಳೆಯದೇ. ದುಡ್ಡಿದ್ದವರು, ಶುಗರ್ ಹತೋಟಿಯಲ್ಲಿದ್ದವರು ಹಾಕಿಸಿಕೊಳ್ಳಲಿ. ನನಗೆ ಎರಡೂ ಇರಲಿಲ್ಲ. ಮನೆಯವಳು ಒಂದೇ ಮಾತು ಅಂದಳು: "ರೀ, ಆ ದುಡ್ಡಿಗೆ ಎರಡು ಹಸು ಬರ್ತವೆ."

ಮೂರನೆಯದಕ್ಕೆ ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋದೆ. ಕಲಿಯುವ ಹುಡುಗರ ಕೈಗೆ ಬಾಯಿ ಕೊಡುತ್ತೀರಾ ಎಂದು ಎಲ್ಲರೂ ನಕ್ಕರು. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರಲ್ಲಿ ಕೆಲವರು ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಹಲ್ಲು ಕಟ್ಟಿಸಿಕೊಳ್ಳಲು ಬಂದವರು. ಬಿಪಿಎಲ್ ಕಾರ್ಡಿನವರಿಗೆ ಅದರಲ್ಲಿ ಪುಕ್ಕಟೆ. ನನ್ನದು ಎಪಿಎಲ್. ಒಟ್ಟು 2,500 ಚಿಲ್ಲರೆ ಕಟ್ಟಿದೆ. ಏಳು ಸಲ ಓಡಾಡಿದ್ದಕ್ಕೆ ಬಸ್ ಚಾರ್ಜು, ಊಟ ಸೇರಿ ಇನ್ನೊಂದೂವರೆ ಸಾವಿರ ಇರಬಹುದು.

ನಾನು ಬೇರೆ ಥರ ಮಾಡಿದ್ದು ಇಷ್ಟು. ಅಳತೆಗೆ ಹೋಗುವ ಮೊದಲು ಎರಡು ದಿನ ಹಳೇ ಸೆಟ್ಟು ಬಾಯಿಗೆ ಹಾಕಲೇ ಇಲ್ಲ. ಸಡಿಲ ಸೆಟ್ಟು ಒಸಡನ್ನು ಒತ್ತಿ ಒತ್ತಿ ಊದಿಸಿರುತ್ತದೆ. ಊದಿದ ಒಸಡಿಗೆ ಅಳತೆ ಕೊಟ್ಟರೆ ಸೆಟ್ಟು ಊತಕ್ಕೆ ಕೂರುತ್ತದೆ, ಒಸಡಿಗಲ್ಲ. ಆ ಎರಡು ದಿನ ಮುದ್ದೆ, ಬಸ್ಸಾರು. ನಮ್ಮ ಕಡೆಯವರಿಗೆ ಇದೊಂದು ಅನುಕೂಲ. ನುಂಗುವುದಕ್ಕೆ ಹಲ್ಲು ಯಾಕೆ ಬೇಕು?

ಇನ್ನೊಂದು, ಎರಡನೇ ಅಳತೆಯ ದಿನದ್ದು. ಅಳತೆ ಟ್ರೇ ಅಂಚಿಗೆ ಮೇಣದಂಥ ಹಸಿರು ಕಡ್ಡಿ ಕರಗಿಸಿ ಹಚ್ಚಿ ಬಾಯಲ್ಲಿಡುತ್ತಾರಲ್ಲ, ಆಗ ಹಿಂದಿನ ಸಲ ನಾನು ಕಲ್ಲಿನ ಗೊಂಬೆಯ ಹಾಗೆ ಬಾಯಿ ತೆರೆದು ಕೂತಿದ್ದೆ. ಯಾರೂ ಏನೂ ಹೇಳಿರಲಿಲ್ಲ. ಇಲ್ಲಿ ನನ್ನ ಅಳತೆ ತೆಗೆಯುತ್ತಿದ್ದ, ಇನ್ನೂ ಕಲಿಯುತ್ತಿದ್ದ ಹುಡುಗಿ ಬಿಡಲಿಲ್ಲ. "ಅಂಕಲ್, ತುಟಿ ಮುಂದೆ ಮಾಡಿ. ಕೆನ್ನೆ ಒಳಗೆ ಎಳ್ಕೊಳ್ಳಿ. ನಾಲಿಗೆ ಎಡಕ್ಕೆ, ಬಲಕ್ಕೆ. ಇನ್ನೊಂದ್ಸಲ." ಒಂದು ಗಂಟೆಯ ಮೇಲೆ ಇದೇ ಆಯಿತು, ದವಡೆ ನೋವು ಬಂತು. ಆದರೆ ಕೆನ್ನೆ, ನಾಲಿಗೆ ಎಲ್ಲೆಲ್ಲಿ ಓಡಾಡುತ್ತವೋ ಅಲ್ಲಿಗೆ ತಕ್ಕ ಹಾಗೆ ಅಂಚು ರೂಪುಗೊಂಡಿತು. ಮೇಣದಲ್ಲಿ ಹಲ್ಲು ಕೂರಿಸಿ ತೋರಿಸಿದ ದಿನ ಶ್ರೀರಂಗಪಟ್ಟಣ ಶ್ರೀರಂಗಪಟ್ಟಣ ಎಂದು ಹತ್ತು ಸಲ ಕೂಗಿದೆ. ಶಿಳ್ಳೆ ಬಂದಾಗ ಮುಂದಿನೆರಡು ಹಲ್ಲು ಸ್ವಲ್ಪ ಸರಿಸಿದರು. ಬಣ್ಣವನ್ನೂ ನಾನೇ ಆರಿಸಿದೆ, ಒಂಚೂರು ಹಳದಿ. ಒಂದು ಹಲ್ಲು ಸೊಟ್ಟಗಿರಲಿ ಎಂದೆ. ಆ ಹುಡುಗಿ ಬೆಪ್ಪಾಗಿ ನೋಡಿದಳು. ಈಗ ಯಾರೂ ಇದು ಕಟ್ಟಿದ ಹಲ್ಲು ಅನ್ನುವುದಿಲ್ಲ.

ಇಷ್ಟಾದರೂ ಮೊದಲ ವಾರ ಕೆಳಗಿನದು ತೇಲಿತು. ಆಗ ಅವರ ಪ್ರೊಫೆಸರ್ ಬಂದು ನನ್ನ ಬಾಯಿ ನೋಡಿ, ಸೆಟ್ಟು ಮುಟ್ಟದೆ, ನಾಲಿಗೆ ನೋಡಿದರು. ನಾನು ನಾಲಿಗೆಯನ್ನು ಹಿಂದಕ್ಕೆ ಎಳೆದಿಟ್ಟುಕೊಂಡಿದ್ದೆ. ಹಾಗಿಟ್ಟರೆ ಅದರ ಬುಡ ಎದ್ದು ಸೆಟ್ಟನ್ನು ಎತ್ತಿ ಬಿಡುತ್ತದಂತೆ. ತುದಿ ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗಕ್ಕೆ ತಾಗಿರಬೇಕು, ಅಷ್ಟೇ. ಹೇಳುವುದು ಸುಲಭ. ದಿನಾ ಅರ್ಧ ಗಂಟೆ ಕನ್ನಡಿ ಮುಂದೆ ಕೂತು ಪೇಪರ್ ಗಟ್ಟಿಯಾಗಿ ಓದಿದೆ, ನಾಲಿಗೆ ತುದಿ ಬಿಡದ ಹಾಗೆ. ಕೃಷಿ ಮಾರುಕಟ್ಟೆಯ ರೇಟೂ ಬಿಡಲಿಲ್ಲ. 20, 22 ದಿನಕ್ಕೆ ಅಭ್ಯಾಸವಾಯಿತು. ಮನೆಯವಳು ಮಾತ್ರ ಆ ದಿನಗಳಲ್ಲಿ ಹಿತ್ತಲಲ್ಲೇ ಜಾಸ್ತಿ ಇರುತ್ತಿದ್ದಳು.

ಒತ್ತಿ ನೋವಾದರೆ ಸೆಟ್ಟು ತೆಗೆದಿಟ್ಟು ಡಾಕ್ಟರ ಹತ್ತಿರ ಹೋಗಬೇಡಿ. ಹಿಂದಿನ ದಿನ ಹಲ್ಲು ಕಚ್ಚಿ, ಅಂದರೆ ಸೆಟ್ಟೇ ಕಚ್ಚಿ, ಹಾಕಿಕೊಂಡಿರಿ. ಕೆಂಪು ಗುರುತು ಕಂಡರೆ ತಾನೇ ಅವರು ಎಲ್ಲಿ ತೀಡಬೇಕೋ ಅಲ್ಲಿ ತೀಡುವುದು?

ತಿನ್ನುವಾಗ ಎರಡೂ ಕಡೆ ಸಮ ಹಾಕಿಕೊಂಡು ಅಗಿಯುತ್ತೇನೆ. ಮುಂದಿನ ಹಲ್ಲಲ್ಲಿ ಸೀಬೆಕಾಯಿ ಕಚ್ಚುವುದಿಲ್ಲ, ಕುಯ್ದು ತಿನ್ನುತ್ತೇನೆ. ಸಂಕ್ರಾಂತಿಯ ಎಳ್ಳಿಗೆ ಮಾತ್ರ ಇನ್ನೂ ಹೆದರುತ್ತೇನೆ. ಒಂದೇ ಒಂದು ಎಳ್ಳು ಸೆಟ್ಟಿನಡಿ ಸಿಕ್ಕರೆ ಚಪ್ಪಲಿಯೊಳಗಿನ ಜಲ್ಲಿಕಲ್ಲು. ಚಕ್ಕುಲಿ ತಿನ್ನುತ್ತೇನೆ, ನೆನೆಸದೆ, ಶಬ್ದ ಬರುವ ಹಾಗೆ. ಅದು ಹೇಗೆ ಎಂದು ಭಾಮೈದನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ತೊಳೆಯುವ ಪ್ರಯೋಗಗಳಿಗೆಲ್ಲ ಬಲಿಯಾಗಿದ್ದು ಎರಡನೇ ಸೆಟ್ಟು. ಟೂತ್‌ಪೇಸ್ಟ್, ಪಾತ್ರೆ ಪುಡಿ ಎರಡೂ ಗೀರು ಬೀಳಿಸಿದವು. ಕುದಿಯುವ ನೀರಿಗೆ ಹಾಕಿದ ದಿನ ಸೊಟ್ಟಗಾಯಿತು. ಎಲೆಯ ಸುಣ್ಣ ಗಟ್ಟಿ ಕಟ್ಟಿದ್ದನ್ನು ಹುಣಸೆಹಣ್ಣಿನಲ್ಲಿ ಉಜ್ಜಿದೆ, ಸುಮಾರಾಗಿ ಹೋಯಿತು. ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿ ವಾರಕ್ಕೊಮ್ಮೆ ಅರ್ಧ ಗಂಟೆ ಇಟ್ಟರೆ ಪೂರ್ತಿ ಹೋಗುತ್ತದೆ. ದಿನಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆ ಬ್ರಷ್ ಸಾಕು. ಕೆಳಗೆ ಬೇಸಿನ್ ತುಂಬ ನೀರಿರಲಿ, ಕೈಜಾರಿದರೆ ನೀರಿಗೇ ಬೀಳುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡುತ್ತೇನೆ. ಮೊದಲ ವರ್ಷ ಹಾಕಿಕೊಂಡೇ ಮಲಗಿ ಅಂಗುಳವೆಲ್ಲ ಕೆಂಪಾಗಿ, ಅದು ಫಂಗಸ್ ಎಂದು ಬೈಸಿಕೊಂಡಿದ್ದೆ.

ಹೊಗೆಸೊಪ್ಪು ಬಿಟ್ಟೆ. ಎಲೆಅಡಿಕೆ ದಿನಕ್ಕೊಂದೇ ಸಲ, ರಾತ್ರಿ ಊಟವಾಗಿ ಸೆಟ್ಟು ತೆಗೆದ ಮೇಲೆ, ನಮ್ಮವ್ವನ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು. ಅದನ್ನೂ ಬಿಡಿ ಎಂದು ಆ ಹುಡುಗಿ ಹೇಳಿದ್ದಾಳೆ. ನೋಡೋಣ.

ಭಾಮೈದನಿಗೆ ಈಗ ಕೆಳಗೆ ಮೂರೇ ಹಲ್ಲು. ಹೋದ ವಾರ ಫೋನ್ ಮಾಡಿ, ಬೇರೆಲ್ಲ ಮಾತಾಡಿ, ಕಡೆಗೆ ಮೆಲ್ಲಗೆ ಕೇಳಿದ: "ಭಾವ, ಆ ಕಾಲೇಜಿಗೆ ಯಾವ ಬಸ್ಸು?" ಮೊದಲು ಆ ಮೂರನ್ನು ತೋರಿಸು, ಕೀಳಲೇಬೇಕು ಎಂದರೆ ಕೀಳಿಸಿ ಮೂರು ತಿಂಗಳು ಕಾಯಿ, ಆಮೇಲೆ ಬಸ್ ನಂಬರ್ ಹೇಳುತ್ತೇನೆ ಎಂದೆ.