ಮೂರು ವರ್ಷದ ಮೂಗಿಗೊಂದು ಮಾಸ್ಕ್

ನಾನು ಮೈಸೂರಿನಲ್ಲಿ ರವಿಕೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತೊಂದು ವರ್ಷದ ಕಸುಬು. ತೋಳು ಬಿಗಿ ಎಂದು ರವಿಕೆ ಹಿಂದಿರುಗಿ ಬಂದರೆ ತೊಡುವವಳ ತೋಳು ದಪ್ಪವಾಗಿದೆ ಎಂದು ನಾನು ವಾದಕ್ಕೆ ಇಳಿಯುವುದಿಲ್ಲ, ಹೊಲಿಗೆ ಬಿಚ್ಚುತ್ತೇನೆ. ಪುಟ್ಟ ಮಕ್ಕಳು ಮಾಸ್ಕ್ ಕಿತ್ತೆಸೆಯುವುದನ್ನೂ ಅದೇ ಕಣ್ಣಿನಿಂದ ನೋಡುತ್ತೇನೆ. ಮಗು ಹಟಮಾರಿ ಎಂದು ಬಂಧುಬಳಗಕ್ಕೆಲ್ಲ ಸಾರುವ ಮೊದಲು ಆ ಮಾಸ್ಕನ್ನು ಒಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಹೆಚ್ಚಿನ ಹಟ ಬಟ್ಟೆಯದೇ ಆಗಿರುತ್ತದೆ.

ಈ ಪಾಠ ನನಗೆ ಎರಡು ಸಲ ಆಯಿತು. ಮೊದಲನೆಯದು ಕೊರೊನಾ ಕಾಲದಲ್ಲಿ, ಮಗಳ ಮಗಳಿಗೆ ಮೂರು ವರ್ಷವಿದ್ದಾಗ. ಎರಡನೆಯದು 2025ರ ಜನವರಿಯಲ್ಲಿ. ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಎಂಬ ನೆಗಡಿ-ಕೆಮ್ಮಿನ ವೈರಸ್ ಪತ್ತೆಯಾಯಿತೆಂಬ ಸುದ್ದಿ ಟಿವಿಯಲ್ಲಿ ಹಗಲಿರುಳು ಓಡುತ್ತಿತ್ತು. ಆಗ ಮಗನ ಮಗನಿಗೆ ಮೂರು ತುಂಬಿತ್ತು. ನನ್ನ ಯಜಮಾನರಿಗೆ ಶ್ವಾಸಕೋಶದ ತೊಂದರೆ ಹಳೆಯದು. ಮೊಮ್ಮಗ ಸೀನಿದರೆ ವಾರದೊಳಗೆ ಅವರು ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ನೆಬ್ಯುಲೈಸರ್ ಮುಂದೆ ಕುಳಿತಿರುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಮಾಸ್ಕಿನ ಡಬ್ಬಿ ಅಟ್ಟಕ್ಕೆ ಹೋಗಲೇ ಇಲ್ಲ.

ಯಾರಿಗೆ ಹಾಕಬಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷ ತುಂಬದ ಮಗುವಿಗೆ ಮಾಸ್ಕ್ ಬೇಡವೇ ಬೇಡ. ಅದರ ಉಸಿರಿನ ದಾರಿ ಸಣ್ಣದು, ಕಷ್ಟವಾದರೆ ಹೇಳಲು ಬಾರದು, ಕಿತ್ತುಕೊಳ್ಳಲೂ ಬಾರದು. ನಿದ್ದೆ ಮಾಡುತ್ತಿರುವ ಮಗುವಿಗೆ, ಉಸಿರಾಟದ ತೊಂದರೆ ಇರುವ ಮಗುವಿಗೆ, ತಾನೇ ತೆಗೆಯಲಾಗದ ಮಗುವಿಗೆ ವಯಸ್ಸು ಎಷ್ಟಿದ್ದರೂ ಬೇಡ. ಇನ್ನು ಎರಡರಿಂದ ಐದರವರೆಗಿನ ಮಕ್ಕಳ ವಿಚಾರದಲ್ಲಿ ದೊಡ್ಡವರೇ ಒಂದು ಮಾತಿಗೆ ಬಂದಿರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರು ಎರಡು ವರ್ಷ ದಾಟಿದವರಿಗೆ ಹಾಕಿಸಿ ಎಂದರು. ಐದು ಮತ್ತು ಅದಕ್ಕಿಂತ ಚಿಕ್ಕವರಿಗೆ ಕಡ್ಡಾಯ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಹೇಳಿದವು. ನಮ್ಮ ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2021ರ ಜೂನ್‌ನಲ್ಲಿ ಐದರವರೆಗಿನ ಮಕ್ಕಳಿಗೆ ಮಾಸ್ಕ್ ಶಿಫಾರಸು ಮಾಡುವುದಿಲ್ಲ ಎಂದಿತು. ನಮ್ಮ ಮಕ್ಕಳ ಡಾಕ್ಟರು ಇದನ್ನೆಲ್ಲ ಒಂದೇ ವಾಕ್ಯಕ್ಕೆ ಇಳಿಸಿದರು: ನಗುತ್ತ ಹಾಕಿಕೊಂಡರೆ ಜನಜಂಗುಳಿಯಲ್ಲಿ ಸ್ವಲ್ಪ ಹೊತ್ತು ಇರಲಿ, ಅತ್ತರೆ ಬಿಟ್ಟುಬಿಡಿ. ನಾನು ಮುಂದೆ ಹೇಳುವುದೆಲ್ಲ ಈ ‘ನಗುತ್ತ’ ಎಂಬ ಪದಕ್ಕೆ ಸೇರಿದ್ದು.

ಈಗ ಬಟ್ಟೆಗೆ ಬರೋಣ.

ಮೊಮ್ಮಗಳಿಗೆ ಮೊದಲು ತಂದದ್ದು ಅಂಗಡಿಯ ಮಾಸ್ಕ್, ಮೇಲೆ ಕರಡಿಯ ಚಿತ್ರ. ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಿವಿಯ ಎಲಾಸ್ಟಿಕ್ ಕಾಲಿಂಚಿನದು, ಅರ್ಧ ಗಂಟೆಗೆ ಕಿವಿಯ ಹಿಂದೆ ಕೆಂಪು ಗೆರೆ ಬಿತ್ತು. ಅದಕ್ಕಿಂತ ಮುಖ್ಯವಾಗಿ, ಅವಳು ಉಸಿರೆಳೆದಾಗಲೆಲ್ಲ ಬಟ್ಟೆ ತುಟಿಗೆ ಬಂದು ಅಂಟುತ್ತಿತ್ತು. ನೀವೇ ಒಂದು ಒದ್ದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಮೃಗಾಲಯ ಸುತ್ತಿ ಬನ್ನಿ, ಆಮೇಲೆ ಅವಳಿಗೆ ಬುದ್ಧಿ ಹೇಳೋಣ.

ಕಟೋರಿ ರವಿಕೆಯ ಬಟ್ಟಲು ಕತ್ತರಿಸಲು ಬಲ್ಲವರಿಗೆ ಮಗುವಿನ ಮಾಸ್ಕ್ ಅರ್ಧ ಗಂಟೆಯ ಕೆಲಸ. ನೆರಿಗೆಯ ಮಾಸ್ಕ್ ಬೇಡ. ನಡುವೆ ಬಾಗಿದ ಹೊಲಿಗೆ ಬರುವಂತೆ ಎರಡು ತುಂಡು ಕತ್ತರಿಸಿ ಕೂಡಿಸಿದರೆ ಬಟ್ಟೆ ಬಟ್ಟಲಿನಂತೆ ಉಬ್ಬಿ ತುಟಿಯಿಂದ ದೂರ ನಿಲ್ಲುತ್ತದೆ. ಅಳತೆಗೆ ಟೇಪ್ ಬೇಕಿಲ್ಲ, ಹೊಲಿಗೆ ದಾರ ಸಾಕು. ಮೂಗಿನ ಏಣಿನಿಂದ ಗದ್ದದ ಕೆಳಗಿನವರೆಗೆ ಒಂದಳತೆ, ಒಂದು ಕಿವಿಯ ಮುಂಭಾಗದಿಂದ ಇನ್ನೊಂದು ಕಿವಿಯ ಮುಂಭಾಗದವರೆಗೆ ಇನ್ನೊಂದು. ಮಗು ಬಾಯಿ ಮುಚ್ಚಿ ಕುಳಿತಾಗ ಅಳತೆ ತೆಗೆಯಬೇಡಿ. ನಾನು ಹಾಗೆ ಮಾಡಿ ಮೊದಲನೆಯದನ್ನು ಕೆಡಿಸಿದೆ: ಅವಳು ಮಾತಾಡಿದೊಡನೆ ಗದ್ದ ಇಳಿದು ಮಾಸ್ಕ್ ಮೂಗಿನಿಂದ ಜಾರಿತು. ಮೂರು ವರ್ಷದ ಮಗು ಬಾಯಿ ಮುಚ್ಚಿಕೊಂಡಿರುವುದು ದಿನಕ್ಕೆ ಎಷ್ಟು ನಿಮಿಷ? ‘ಆ’ ಅನ್ನಿಸಿ ಅಳತೆ ತೆಗೆಯಿರಿ, ಹೊಲಿಗೆಗೆ ಬೇರೆ ಬಟ್ಟೆ ಬಿಡಿ.

ಒಳಪದರಕ್ಕೆ ನಾನು ಹಾಕಿದ್ದು ಯಜಮಾನರ ಹಳೆಯ ಪಂಚೆ. ನೂರಾರು ಸಲ ಒಗೆದ ಹತ್ತಿಗಿಂತ ಮೆತ್ತನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಡುವೆ ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ. ಹೊರಪದರವನ್ನು ಮಗುವೇ ಆರಿಸಲಿ. ನನ್ನ ಬಳಿ ಚೂರುಬಟ್ಟೆಯ ಮೂಟೆ ಸದಾ ಇರುತ್ತದೆ. ಅದರಲ್ಲಿ ಕೈಯಾಡಿಸಿ ಅವಳು ಎತ್ತಿಕೊಂಡದ್ದು ಗುಳೇದಗುಡ್ಡದ ಖಣದ ಒಂದು ನೇರಳೆ ಚೂರು. ಅದು ಕೊಂಚ ಬಿರುಸು, ಆದರೆ ಚರ್ಮಕ್ಕೆ ತಾಗುವುದು ಪಂಚೆ ತಾನೆ, ಇರಲಿ ಎಂದೆ. ಜರಿ ಮಾತ್ರ ಬೇಡ. ಮಣಿ, ಚಮಕಿ, ಗುಂಡಿಯೂ ಬೇಡ. ಬಿಚ್ಚಿಕೊಂಡರೆ ನೇರ ಬಾಯಿಗೆ ಹೋಗುತ್ತವೆ. ಮೂರು ಪದರ ಸೇರಿಸಿದ ಮೇಲೆ ಬಾಯಿಗೆ ಹಿಡಿದು ನೀವೇ ಹತ್ತು ಸಲ ಉಸಿರಾಡಿ ನೋಡಿ. ನಿಮಗೆ ಎದೆ ಭಾರ ಎನಿಸಿದರೆ ಮಗುವಿಗೆ ಅದು ಆಗದು.

ಕಿವಿಗೆ ಎಲಾಸ್ಟಿಕ್ ಬದಲು ಹಳೆಯ ಬನಿಯನ್ನಿನ ಪಟ್ಟಿ. ಮುಕ್ಕಾಲು ಇಂಚು ಅಗಲಕ್ಕೆ ಅಡ್ಡಡ್ಡ ಕತ್ತರಿಸಿ ಎರಡೂ ತುದಿ ಹಿಡಿದು ಎಳೆದರೆ ತಾನಾಗಿ ಸುರುಳಿ ಸುತ್ತಿ ಮೆತ್ತನೆಯ ದಾರವಾಗುತ್ತದೆ. ಕುತ್ತಿಗೆಯ ಹಿಂದೆ ಕಟ್ಟುವ ದಾರ, ಕೊರಳಿಗೆ ನೇತು ಹಾಕುವ ಸರ ಈ ವಯಸ್ಸಿಗೆ ಅಪಾಯ; ಜಾರುಬಂಡೆಗೋ ಬಾಗಿಲ ಚಿಲಕಕ್ಕೋ ಸಿಕ್ಕಿದರೆ ಕೊರಳು ಬಿಗಿಯುತ್ತದೆ. ಎಳೆದರೆ ಕಿವಿಯಿಂದ ಕಳಚಿ ಬರಬೇಕು, ಅಷ್ಟು ಸಡಿಲ. ಮತ್ತೊಂದು, ಗಂಡಸರು ಬರೆದ ಯಾವ ಸೂಚನೆಯಲ್ಲೂ ನನಗೆ ಕಾಣದ ಮಾತು: ಹೆಣ್ಣುಮಗುವಿನ ಕಿವಿಯಲ್ಲಿ ಓಲೆ ಇರುತ್ತದೆ. ಜುಮಕಿಗೆ ಮಾಸ್ಕಿನ ದಾರ ಸಿಕ್ಕಿಕೊಂಡು ಎಳೆದಾಗ ಅವಳು ಕಿರುಚಿದ್ದು ನಾಲ್ಕು ಮನೆಗೆ ಕೇಳಿಸಿತು. ಆ ನೋವನ್ನು ಅವಳು ಜುಮಕಿಯ ಲೆಕ್ಕಕ್ಕೆ ಹಾಕಲಿಲ್ಲ, ಮಾಸ್ಕಿನ ಲೆಕ್ಕಕ್ಕೆ ಹಾಕಿದಳು. ಹೊರಗೆ ಹೊರಡುವ ದಿನ ಮೆತ್ತಿಕೊಂಡು ಕೂರುವ ಪುಟ್ಟ ಓಲೆ ಸಾಕು.

ಇಷ್ಟು ಸರಿಯಾದರೆ ಉಳಿದದ್ದು ಒಂದು ವಾರದ ಆಟ.

ಹೊರಡುವ ದಿನ ಬಾಗಿಲಲ್ಲಿ ನಿಂತು ಮೊದಲ ಬಾರಿಗೆ ಮಾಸ್ಕ್ ತೋರಿಸಿದರೆ ಯಾವ ಮಗುವೂ ಒಪ್ಪುವುದಿಲ್ಲ. ನಾನು ಎರಡು ದಿನ ಅದನ್ನು ಆಟಿಕೆಗಳ ನಡುವೆ ಸುಮ್ಮನೆ ಬಿಟ್ಟಿದ್ದೆ. ಮೂರನೆಯ ದಿನ ಅವಳೇ ಚನ್ನಪಟ್ಟಣದ ಬೊಂಬೆಗೆ ತೊಡಿಸಲು ಹೋದಳು. ಆ ಬೊಂಬೆಗೆ ಕಿವಿಯೇ ಇಲ್ಲ, ಮಾಸ್ಕ್ ಜಾರಿ ಜಾರಿ ಬಿತ್ತು. “ಅಜ್ಜಿ, ಇವಳಿಗೆ ಕಿವಿ ಹೊಲಿದು ಕೊಡು” ಎಂದಳು. ಕಿವಿ ಇರುವುದು ಎಷ್ಟು ಅನುಕೂಲ ಎಂದು ಅಂದು ಸಂಜೆಯಿಡೀ ನಮ್ಮ ಮನೆಯಲ್ಲಿ ಮಾತು. ನಿಮ್ಮ ಮನೆಯಲ್ಲಿ ಬಟ್ಟೆಯ ಆನೆಯೋ ಕರಡಿಯೋ ಇದ್ದರೆ ಕೆಲಸ ಸುಲಭ.

ಆಮೇಲೆ ಕನ್ನಡಿ. ಮುಖದ ಅರ್ಧ ಮರೆಯಾಗುವುದು ಈ ವಯಸ್ಸಿನವರಿಗೆ ನಿಜವಾದ ಹೆದರಿಕೆ. ಅಮ್ಮ ಅಮ್ಮನಂತೆ ಕಾಣುವುದಿಲ್ಲ. ಅದಕ್ಕೆ ಕಣ್ಣಾಮುಚ್ಚಾಲೆಯಂತೆಯೇ ಆಡಿದೆವು. ನಾನು ಮಾಸ್ಕ್ ಹಾಕಿಕೊಂಡು ಒಳಗೆ ನಗುತ್ತಿದ್ದೇನೋ ಮುಖ ಊದಿಸಿದ್ದೇನೋ ಕಣ್ಣು ನೋಡಿ ಅವಳು ಹೇಳಬೇಕು. ಹೇಳಿದ ಮೇಲೆ ಕೆಳಗಿಳಿಸಿ ತೋರಿಸುತ್ತಿದ್ದೆ. ಮೂರು ದಿನಕ್ಕೆ ಅವಳು ಕಣ್ಣಿನಂಚಿನ ಸುಕ್ಕು ನೋಡಿಯೇ ನಗು ಹಿಡಿಯುತ್ತಿದ್ದಳು. ನನ್ನ ಸುಕ್ಕಿಗೂ ಒಂದು ಉಪಯೋಗ ಸಿಕ್ಕಿತು.

ಹೊತ್ತನ್ನು ಎಣಿಕೆಯಿಂದ ಬೆಳೆಸಿ. ಮೊದಲ ದಿನ ಹತ್ತು ಎಣಿಸುವವರೆಗೆ, ಮರುದಿನ ದೋಸೆ ಬೇಯುವವರೆಗೆ, ಅದರ ಮರುದಿನ ಬೀದಿ ತುದಿಯ ಹಾಲಿನ ಅಂಗಡಿಗೆ ಹೋಗಿ ಬರುವವರೆಗೆ. ಹಾಕಿಕೊಳ್ಳುವುದೂ ತೆಗೆಯುವುದೂ ಅವಳ ಕೈಯಿಂದಲೇ ಆಗಲಿ. ನಾವು ಹಿಂದೆ ನಿಂತು ಕೂದಲು ಸರಿಸಿದರೆ ಸಾಕು. ಲಂಚದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಚಾಕೊಲೇಟ್ ಬೇಡ. ತಿನ್ನಲು ಮಾಸ್ಕ್ ತೆಗೆಯಬೇಕಾಗುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು.

ಹೆದರಿಸುವುದಂತೂ ಸಲ್ಲದು. ನಮ್ಮ ಅಳಿಯಂದಿರು ಒಮ್ಮೆ “ಮಾಸ್ಕ್ ಹಾಕದಿದ್ದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ” ಎಂದುಬಿಟ್ಟರು. ಆಗ ದೊಡ್ಡವರಿಗೆ ದಂಡ ಹಾಕುತ್ತಿದ್ದ ಕಾಲ. ನಗರಗಳಲ್ಲಿ ಸಾವಿರ ರೂಪಾಯಿ ಇದ್ದದ್ದು ಜನ ಕೂಗಾಡಿದ ಮೇಲೆ 2020ರ ಅಕ್ಟೋಬರ್‌ನಲ್ಲಿ 250ಕ್ಕೆ ಇಳಿದಿತ್ತು. ಅವರು ಹೇಳಿದ್ದು ತಮಾಷೆಗೆ. ಅದಾಗಿ ಎರಡು ತಿಂಗಳು ಸಂಚಾರ ಪೊಲೀಸರನ್ನು ಕಂಡರೆ ಸಾಕು, ಮಗು ನನ್ನ ಸೆರಗಿನೊಳಗೆ ತೂರುತ್ತಿತ್ತು. ಗುಮ್ಮನನ್ನು ಕರೆಯುವುದು ಸುಲಭ, ವಾಪಸು ಕಳಿಸುವವರು ಯಾರು?

ಮೊದಲ ದೊಡ್ಡ ತಿರುಗಾಟ 2021ರ ಸಂಕ್ರಾಂತಿಯ ವಾರದಲ್ಲಿ, ನಮ್ಮ ಚಾಮರಾಜೇಂದ್ರ ಮೃಗಾಲಯಕ್ಕೆ. 1892ರಲ್ಲಿ ಶುರುವಾಗಿ ಊರಿನ ಎಷ್ಟೋ ತಲೆಮಾರಿನ ಮಕ್ಕಳಿಗೆ ಆನೆ ತೋರಿಸಿದ ಜಾಗ ಅದು. ಮಂಗಳವಾರ ರಜೆ ಎಂಬುದನ್ನು ಮರೆತು ಗೇಟಿನವರೆಗೆ ಹೋಗಿ ಬಂದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಆ ಸಲ ಗುರುವಾರ ಹೋದೆವು, ಬಾಗಿಲು ತೆರೆಯುವ ಹೊತ್ತಿಗೇ. ಬೆಳಿಗ್ಗೆ ಜನ ಕಡಿಮೆ, ಪ್ರಾಣಿಗಳಿಗೂ ಆಗಲೇ ಉತ್ಸಾಹ.

ಅಲ್ಲಿ ನಾನು ಮಾಡಿದ ಒಂದೇ ಜಾಣತನವೆಂದರೆ ಮಾಸ್ಕನ್ನು ಇಡೀ ದಿನಕ್ಕೆ ಹಾಕಿಸದೆ ಜಾಗಕ್ಕೆ ತಕ್ಕಂತೆ ಹಂಚಿದ್ದು. ಮನೆಯ ಕಾರಿನಲ್ಲಿ ನಾವು ನಾವೇ ಇದ್ದೆವು, ಬೇಡ. ಟಿಕೆಟಿನ ಸಾಲಿನಲ್ಲಿ ಬೇಕು. ಒಳಗೆ ಮರಗಳ ಕೆಳಗಿನ ಅಗಲ ದಾರಿಯಲ್ಲಿ ಹತ್ತಿರ ಯಾರೂ ಇಲ್ಲದಾಗ ಕೆಳಗಿಳಿಸಿ ಉಸಿರಾಡಲಿ. ಓಡುವಾಗ ಹಾಕಿಸಲೇಬಾರದು, ಓಡಿದಾಗ ಏದುಸಿರು ಬರುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಜಿರಾಫೆಯ ಮುಂದೆ ಜನ ಒತ್ತೊತ್ತಾಗಿ ನಿಂತಿದ್ದರು, ಅಲ್ಲಿ ಬೇಕು. “ಸಾಲಿನಲ್ಲಿ ಮೇಲೆ, ಮರದ ಕೆಳಗೆ ಕೆಳಗೆ” ಎಂದು ಅವಳೇ ರಾಗ ಕಟ್ಟಿಕೊಂಡಳು. ಮೂರು ತಾಸಿನಲ್ಲಿ ಮಾಸ್ಕ್ ಮುಖದ ಮೇಲಿದ್ದದ್ದು ಒಟ್ಟು ನಲವತ್ತು ನಿಮಿಷ ಇದ್ದೀತು. ಜನ ಮೈಮೇಲೆ ಬೀಳುವಂತಿದ್ದ ಹೊತ್ತೂ ಅಷ್ಟೇ. ಹಿಂದಿರುಗುವಾಗ ಕಾರು ಹೊರಟ ಐದೇ ನಿಮಿಷಕ್ಕೆ ನಿದ್ದೆ. ಕೊರಳಿಗೆ ಇಳಿಬಿದ್ದಿದ್ದ ಮಾಸ್ಕನ್ನು ತಕ್ಷಣ ಪೂರ್ತಿ ತೆಗೆದೆ. ಮಲಗಿದ ಮಗುವಿನ ಕೊರಳಲ್ಲೂ ಅದು ಇರಬಾರದು.

ಮದುವೆ ಮನೆಗಳಲ್ಲಿ ನಾನು ಸೋತಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಕೇಸರಿಬಾತ್ ತಿಂದ ತುಪ್ಪದ ಕೈಯಲ್ಲಿ ಮಾಸ್ಕ್ ಹಾಕಿಕೊಂಡರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಊಟದ ಮೊದಲು ಹೋಗಿ ಅಕ್ಷತೆ ಹಾಕಿ ಬಂದುಬಿಡುವುದು, ಇಲ್ಲವೇ ಅಂಗಳದಲ್ಲಿ ಕೂರುವುದು, ಇದಕ್ಕಿಂತ ಉತ್ತಮ ಉಪಾಯ ನನಗೆ ಹೊಳೆದಿಲ್ಲ.

ಕೈಚೀಲದಲ್ಲಿ ಒಂದು ಮಗುವಿಗೆ ನಾಲ್ಕು ಮಾಸ್ಕ್ ಇರಲಿ. ಒಗೆದವು ಒಂದು ಬಟ್ಟೆಯ ಚೀಲದಲ್ಲಿ, ಬಳಸಿದವು ಇನ್ನೊಂದರಲ್ಲಿ. ಜೊಲ್ಲು, ಗೊಣ್ಣೆ, ಬೆವರು ಯಾವುದರಿಂದ ಒದ್ದೆಯಾದರೂ ಬದಲಿಸಬೇಕು. ಮೂಗು ಸೋರುತ್ತಿರುವ ಮಗುವನ್ನು ಮಾಸ್ಕಿನ ಧೈರ್ಯದ ಮೇಲೆ ಜಾತ್ರೆಗೆ ಕರೆದೊಯ್ಯುವುದಂತೂ ತಪ್ಪು, ಮನೆಯಲ್ಲಿ ಮಲಗಿಸಿ.

ಮೊಮ್ಮಗ ಹುಟ್ಟಿದ್ದು 2021ರ ಕೊನೆಗೆ. ಅವನು ಕೂಸಾಗಿದ್ದಾಗ ಅವನ ಮುಖಕ್ಕೆ ಏನನ್ನೂ ಕಟ್ಟಲಿಲ್ಲ, ಎತ್ತಿಕೊಂಡವರೆಲ್ಲ ಕಟ್ಟಿಕೊಂಡೆವು. ಲಸಿಕೆಗೆ ಒಯ್ದಾಗ ಅವನ ಅಮ್ಮ ಮುಖವನ್ನು ತನ್ನ ಎದೆಯ ಕಡೆಗೆ ತಿರುಗಿಸಿಕೊಂಡು, ಆಸ್ಪತ್ರೆಯ ಒಳಗೆ ಕೂರದೆ ಬೇವಿನ ಮರದ ಕೆಳಗೆ ನಿಂತು, ಹೆಸರು ಕರೆದ ಮೇಲೆ ಒಳಹೋಗುತ್ತಿದ್ದಳು. ಅದಕ್ಕೆ ಖರ್ಚೂ ಇಲ್ಲ, ಹಟವೂ ಇಲ್ಲ.

ಅದೇ ಮೊಮ್ಮಗ ಮೂರು ತುಂಬಿ ಅಜ್ಜನ ತಪಾಸಣೆಗೆ ಆಸ್ಪತ್ರೆಗೆ ನಾನೂ ಬರುತ್ತೇನೆಂದು ಕೂತಾಗ ಅಕ್ಕನ ಬಟ್ಟಲು ಮಾಸ್ಕಿನ ಕಾಗದದ ನಮೂನೆ ಹುಡುಕಿ ತೆಗೆದೆ. ಅಳತೆ ಕಾಲಿಂಚು ದೊಡ್ಡದು ಬೇಕಾಯಿತು. ಚೂರುಬಟ್ಟೆಯ ಮೂಟೆಯಿಂದ ಅವನು ಆರಿಸಿದ್ದು ಖಾಕಿ ಬಣ್ಣದ್ದು, ಪೊಲೀಸ್ ಆಗುತ್ತಾನಂತೆ. ಅವನ ಕಿವಿ ಸ್ವಲ್ಪ ಮುಂದಕ್ಕೆ ಚಾಚಿವೆ, ದಾರ ಎಳೆದರೆ ಆನೆಯ ಕಿವಿಯಂತೆ ಬಾಗುತ್ತವೆ. ಅದಕ್ಕೆ ದಾರವನ್ನು ಅರ್ಧ ಇಂಚು ಉದ್ದ ಬಿಟ್ಟೆ. ಕಾಯುವ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕುಳಿತಿದ್ದ. ಇಪ್ಪತ್ತೊಂದನೆಯ ನಿಮಿಷಕ್ಕೆ ಕಿತ್ತ. ನಾನೇನೂ ಹೇಳದೆ ಕೈ ಹಿಡಿದು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದೆ, ಅಜ್ಜನ ಸರದಿ ಬಂದಾಗ ಮಗ ಫೋನ್ ಮಾಡಿದ.

ಇನ್ನು ಒಗೆತ. ಮನೆಗೆ ಬಂದೊಡನೆ ಎಲ್ಲರೂ ಸೋಪಿನಲ್ಲಿ ಕೈ ತೊಳೆದು ಮಾಸ್ಕುಗಳನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದುಬಿಡಿ. ಚೆನ್ನಾಗಿ ಜಾಲಾಡಬೇಕು, ಸೋಪಿನ ವಾಸನೆ ಉಳಿದರೆ ಮರುದಿನ ಮಗು ಮೂಗು ಸಿಂಡರಿಸುತ್ತದೆ. ಬಿಸಿಲಿನಲ್ಲಿ ಒಣಗಿಸಿ. ತಿಂಗಳಿಗೊಮ್ಮೆ ದೀಪಕ್ಕೆ ಅಡ್ಡ ಹಿಡಿದು ನೋಡಿ. ನೇಯ್ಗೆ ಸಡಿಲಾಗಿ ಬೆಳಕು ಜಾಸ್ತಿ ತೂರಿ ಬಂದರೆ ಅದರ ಕೆಲಸ ಮುಗಿಯಿತು. ಆ ನೇರಳೆ ಖಣದ್ದು ಈಗ ಚನ್ನಪಟ್ಟಣದ ಬೊಂಬೆಗೆ ಹೊದಿಕೆ.